ಮ್ಯೂನಿಕ್‌ನಲ್ಲಿ ರೈಲು, ಟ್ರಾಮ್, ಬಸ್: ಹೊಸದಾಗಿ ಬಂದವರಿಗೆ ಪೂರ್ತಿ ಮಾರ್ಗದರ್ಶಿ

ಅಮ್ಮ ಮೊದಲ ಸಲ ಮ್ಯೂನಿಕ್‌ಗೆ ಬಂದಾಗ ಮರಿಯೆನ್‌ಪ್ಲಾಟ್ಸ್ ನಿಲ್ದಾಣದ ಮೆಟ್ಟಿಲು ಇಳಿದು, ಪ್ಲಾಟ್‌ಫಾರ್ಮ್ ತಲುಪಿ, ಹಿಂದೆ ತಿರುಗಿ ನೋಡಿದರು. "ಟಿಕೆಟ್ ಎಲ್ಲೋ ತೋರಿಸೋದು? ಗೇಟೇ ಬರ್ಲಿಲ್ಲ" ಅಂದರು. ಗೇಟ್ ಬರುವುದೇ ಇಲ್ಲ. ಬೆಂಗಳೂರಿನ ಮೆಟ್ರೋದಲ್ಲಿ ಕಾರ್ಡ್ ಮುಟ್ಟಿಸದೆ ಒಳಗೆ ಹೋಗಲಾಗದು, ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಬಂದೇ ಬರುತ್ತಾರೆ. ಮ್ಯೂನಿಕ್‌ನಲ್ಲಿ ಇವೆರಡೂ ಇಲ್ಲ. ರಸ್ತೆಯಿಂದ ನೇರ ನಡೆದು ಹೋಗಿ ರೈಲು ಹತ್ತಬಹುದು. ಟಿಕೆಟ್ ಸರಿ ಇದೆಯಾ, ಇವತ್ತಿಗೆ ನಡೆಯುತ್ತಾ, ಈ ಜೋನ್‌ಗೆ ಸಾಕಾ ಎಂದು ನೋಡಿಕೊಳ್ಳುವ ಕೆಲಸ ಪೂರ್ತಿ ನಮ್ಮದೇ. ಹೊಸಬರು ತಪ್ಪುವುದು ಇಲ್ಲೇ. ತಪ್ಪು ಗೊತ್ತಾಗುವ ಹೊತ್ತಿಗೆ ಎದುರಿಗೆ ತಪಾಸಣೆಯವರು ನಿಂತಿರುತ್ತಾರೆ.

ಓದಲು ಬರುವವರು, ಕೆಲಸಕ್ಕೆ ಬರುವವರು, ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮ, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಟಿಕೆಟ್ ಭಾಗವನ್ನು ಮಾತ್ರ ನಿಧಾನವಾಗಿ ಓದಿ.

ಮೊದಲು ನಾಲ್ಕು ವಾಹನಗಳ ಪರಿಚಯ

ಹಸಿರು ವೃತ್ತದಲ್ಲಿ ಬಿಳಿ ಎಸ್ ಅಕ್ಷರ ಕಂಡರೆ ಅದು ಎಸ್-ಬಾನ್. ಊರಾಚೆಯ ಪಟ್ಟಣಗಳಿಂದ ನಗರದ ನಡುವಿಗೆ ಬರುವ ರೈಲು. ನೀಲಿ ಚೌಕದಲ್ಲಿ ಯು ಅಕ್ಷರ ಕಂಡರೆ ಯು-ಬಾನ್, ಅಂದರೆ ನಗರದೊಳಗಿನ ಮೆಟ್ರೋ. ಜರ್ಮನ್ನರ ಬಾಯಲ್ಲಿ ಅದು "ಊ-ಬಾನ್". ದಾರಿ ಕೇಳುವಾಗ ಹಾಗೇ ಹೇಳಿ, ತಕ್ಷಣ ಅರ್ಥವಾಗುತ್ತದೆ. ಇವೆರಡನ್ನು ಬಿಟ್ಟರೆ ಟ್ರಾಮ್ ಮತ್ತು ಬಸ್. ಅವುಗಳ ನಿಲ್ದಾಣಕ್ಕೆ ಎಚ್ ಅಕ್ಷರದ ಬೋರ್ಡ್ ಇರುತ್ತದೆ.

ಯು-ಬಾನ್, ಟ್ರಾಮ್ ಮತ್ತು ನಗರದ ಬಸ್ಸುಗಳನ್ನು ಓಡಿಸುವುದು ನಗರದ ಸಾರಿಗೆ ಕಂಪನಿ ಎಂವಿಜಿ. ಎಸ್-ಬಾನ್ ಓಡಿಸುವುದು ಜರ್ಮನಿಯ ರೈಲ್ವೆ ಕಂಪನಿ ಡಾಯ್ಚ ಬಾನ್. ಇವರೆಲ್ಲರ ಟಿಕೆಟ್ ದರವನ್ನು ಒಂದೇ ಸೂರಿನಡಿ ತಂದಿರುವುದು ಎಂವಿವಿ ಎಂಬ ಸಾರಿಗೆ ಒಕ್ಕೂಟ. ನಮಗೆ ಇದರಿಂದ ಆಗುವ ಲಾಭ ದೊಡ್ಡದು. ಎಸ್-ಬಾನ್‌ನಿಂದ ಇಳಿದು ಯು-ಬಾನ್ ಹತ್ತಿ, ಅಲ್ಲಿಂದ ಬಸ್ಸಿಗೆ ಹೋದರೂ ಟಿಕೆಟ್ ಒಂದೇ. ಪ್ರತಿ ಸಲ ಹೊಸದು ತೆಗೆಯಬೇಕಿಲ್ಲ.

ಈ ವ್ಯವಸ್ಥೆಯ ಬೆನ್ನೆಲುಬು ಹುಟ್ಟಿದ್ದು 1972ರ ಒಲಿಂಪಿಕ್ಸ್ ನೆಪದಲ್ಲಿ. ಮೊದಲ ಯು-ಬಾನ್ ಓಡಿದ್ದು 1971ರ ಅಕ್ಟೋಬರ್ 19ರಂದು, ಕೀಫರ್ನ್‌ಗಾರ್ಟನ್‌ನಿಂದ ಗೋಯ್ಟೆಪ್ಲಾಟ್ಸ್‌ವರೆಗೆ. ಎಸ್-ಬಾನ್ ಶುರುವಾಗಿದ್ದು ಮುಂದಿನ ವರ್ಷ ಏಪ್ರಿಲ್‌ನಲ್ಲಿ. ಇವತ್ತು ಯು-ಬಾನ್ ಹಳಿಗಳ ಉದ್ದ ಸುಮಾರು 95 ಕಿಲೋಮೀಟರ್.

ಜೋನ್ ಲೆಕ್ಕ ಅರ್ಥ ಮಾಡಿಕೊಳ್ಳಿ

ನಕ್ಷೆಯ ನಡುವೆ ಎಂ ಎಂಬ ದೊಡ್ಡ ಜೋನ್ ಇದೆ. ಮ್ಯೂನಿಕ್ ನಗರವಿಡೀ ಬಹುಮಟ್ಟಿಗೆ ಅದರೊಳಗೇ ಬರುತ್ತದೆ. ಅದರ ಸುತ್ತ ಬಳೆಗಳ ಹಾಗೆ 1, 2, 3 ಎಂದು ಜೋನ್‌ಗಳು ಹೊರಗೆ ಹೊರಗೆ ಹೋಗುತ್ತವೆ. ಎಷ್ಟು ಬಳೆ ದಾಟುತ್ತೀರೋ ಅಷ್ಟಕ್ಕೆ ದುಡ್ಡು. ವಿಮಾನ ನಿಲ್ದಾಣ 5ನೇ ಜೋನ್‌ನಲ್ಲಿದೆ. ಅಲ್ಲಿಂದ ಊರೊಳಗೆ ಬರಲು ಎಂ-5 ಟಿಕೆಟ್ ಬೇಕು. ಬರೀ ಎಂ ಟಿಕೆಟ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೊರಟರೆ, ಕೈಯಲ್ಲಿ ಟಿಕೆಟ್ ಇದ್ದೂ ಇಲ್ಲದ ಹಾಗೆಯೇ.

ಮನೆ ಹುಡುಕುವಾಗಲೂ ಇದು ನೆನಪಿರಲಿ. ಬಾಡಿಗೆ ಸ್ವಲ್ಪ ಕಮ್ಮಿ ಎಂದು ದೂರದ ಜೋನ್‌ಗೆ ಹೋದರೆ ಮನೆಗೆ ಬಂದುಹೋಗುವ ನೆಂಟರಿಷ್ಟರ ಟಿಕೆಟ್ ಖರ್ಚು ಏರುತ್ತದೆ. ನಿಮಗೆ ಮಾತ್ರ ಅದರ ಬಿಸಿ ತಟ್ಟುವುದಿಲ್ಲ. ಯಾಕೆಂದರೆ ಇಲ್ಲಿ ನೆಲೆಸುವವರು ಮುಂದೆ ಹೇಳುವ ಪಾಸ್ ತೆಗೆದುಕೊಂಡಿರುತ್ತಾರೆ. ಅದಕ್ಕೆ ಜೋನ್ ಕಟ್ಟುಪಾಡಿಲ್ಲ.

ಯಾರು ಯಾವ ಟಿಕೆಟ್ ತೆಗೆಯಬೇಕು?

ಮೊದಲು ಇಲ್ಲೇ ಇರುವವರ ವಿಷಯ. ಕಣ್ಣು ಮುಚ್ಚಿಕೊಂಡು ಡಾಯ್ಚ್‌ಲಾಂಡ್‌ಟಿಕೆಟ್ ತೆಗೆಯಿರಿ. 2023ರ ಮೇ 1ರಂದು ಶುರುವಾದಾಗ ತಿಂಗಳಿಗೆ 49 ಯೂರೋ ಇತ್ತು. 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಬೆಲೆ ಏರಿದರೂ ಇಷ್ಟು ಉಪಯೋಗದ ಪಾಸ್ ಬೇರೆ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮ್ಯೂನಿಕ್ ಒಂದೇ ಅಲ್ಲ, ಇಡೀ ಜರ್ಮನಿಯ ಎಸ್-ಬಾನ್, ಯು-ಬಾನ್, ಟ್ರಾಮ್, ಬಸ್, ಆರ್‌ಇ ಮತ್ತು ಆರ್‌ಬಿ ಪ್ರಾದೇಶಿಕ ರೈಲುಗಳಲ್ಲಿ ನಡೆಯುತ್ತದೆ. ಐಸಿಇ, ಐಸಿ, ಇಸಿ ಎಂಬ ದೂರದೂರಿನ ರೈಲುಗಳಲ್ಲಿ ನಡೆಯುವುದಿಲ್ಲ. ಖಾಸಗಿ ಕಂಪನಿಯ ಫ್ಲಿಕ್ಸ್‌ಟ್ರೇನ್‌ನಲ್ಲೂ ಇಲ್ಲ.

ಇದರಲ್ಲಿ ಗಮನಿಸಬೇಕಾದ ಮೂರು ಮಾತು. ಇದು ಚಂದಾ ಲೆಕ್ಕ, ತಾನಾಗಿಯೇ ಮುಂದಿನ ತಿಂಗಳಿಗೆ ಹೋಗುತ್ತದೆ. ನಿಲ್ಲಿಸಬೇಕಾದರೆ ಆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಬೇಕು. 11ಕ್ಕೆ ನೆನಪಾದರೆ ಇನ್ನೊಂದು ತಿಂಗಳ ದುಡ್ಡು ಹೋಯಿತು. ಎರಡನೆಯದು, ಇದು ನಿಮ್ಮ ಹೆಸರಿನದು. ಗಂಡನ ಪಾಸ್ ಹೆಂಡತಿ ಬಳಸುವಂತಿಲ್ಲ. ಫೋಟೋ ಇರುವ ಗುರುತಿನ ಚೀಟಿ ಜೊತೆಗಿರಲಿ. ಮೂರನೆಯದು, ಲೆಕ್ಕ ನಡೆಯುವುದು ಕ್ಯಾಲೆಂಡರ್ ತಿಂಗಳಿಗೆ. 20ಕ್ಕೆ ಬಂದಿಳಿಯುವವರು ಆ ತಿಂಗಳಿಗೆ ಬೇರೆ ದಾರಿ ನೋಡಿಕೊಂಡು 1ರಿಂದ ಇದನ್ನು ಶುರು ಮಾಡುವುದು ಜಾಣತನ.

ಕೆಲಸಕ್ಕೆ ಸೇರುವವರು ಎಚ್‌ಆರ್ ಹತ್ತಿರ ಜಾಬ್‌ಟಿಕೆಟ್, ಅಂದರೆ ಕಂಪನಿ ಮೂಲಕ ಸಿಗುವ ಇದೇ ಪಾಸ್, ಇದೆಯಾ ಎಂದು ಮೊದಲ ವಾರವೇ ಕೇಳಿ. ಪಾಸ್ ಬೆಲೆಯಲ್ಲಿ ಕಂಪನಿ ಕನಿಷ್ಠ 25 ಶೇಕಡಾ ಕೊಟ್ಟರೆ ಮೇಲೆ ಇನ್ನೂ 5 ಶೇಕಡಾ ರಿಯಾಯಿತಿ ಸಿಗುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಓದುವ ವಿದ್ಯಾರ್ಥಿಗಳಿಗೆ ಇದೇ ಪಾಸ್‌ನ ಕಮ್ಮಿ ಬೆಲೆಯ ರೂಪವೊಂದಿದೆ, ಹೆಸರು ಎರ್ಮೇಸಿಗುಂಗ್ಸ್‌ಟಿಕೆಟ್. ಪ್ರವೇಶದ ಕಾಗದ ಕೈಗೆ ಬಂದ ಕೂಡಲೇ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ಇನ್ನು ಕೆಲವು ದಿನಕ್ಕೆ ಬರುವವರು. ದಿನಕ್ಕೆ ಎರಡು ಸಲಕ್ಕಿಂತ ಜಾಸ್ತಿ ಹತ್ತಿ ಇಳಿಯುವುದಿದ್ದರೆ ಬಿಡಿ ಟಿಕೆಟ್ ಬೇಡ, ಟಾಗೆಸ್‌ಕಾರ್ಟೆ ತೆಗೆಯಿರಿ. ಅದು ದಿನದ ಪಾಸ್, ಮರುದಿನ ಬೆಳಗ್ಗೆ 6ರವರೆಗೆ ನಡೆಯುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಹೊರಟರೆ ಗ್ರುಪೆನ್-ಟಾಗೆಸ್‌ಕಾರ್ಟೆ. ಒಂದೇ ಟಿಕೆಟ್‌ನಲ್ಲಿ ಐದು ಜನ ದೊಡ್ಡವರು ಓಡಾಡಬಹುದು. 6ರಿಂದ 14 ವರ್ಷದ ಇಬ್ಬರು ಮಕ್ಕಳನ್ನು ಒಬ್ಬ ದೊಡ್ಡವರ ಲೆಕ್ಕಕ್ಕೆ ಹಿಡಿಯುತ್ತಾರೆ. 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ. ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲ ಬಂದಿರುವ ವಾರಾಂತ್ಯಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಒಂದು ತಿಂಗಳು ಇದ್ದು ಹೋಗುವ ಹಿರಿಯರಿಗೆ ಇಸಾರ್‌ಕಾರ್ಡ್ ಎಂಬ ಪಾಸ್ ನೋಡಿ. ವಾರದ್ದು, ತಿಂಗಳದ್ದು ಎರಡೂ ಇದೆ. ತಿಂಗಳ ಮಧ್ಯದಿಂದಲೂ ಶುರು ಮಾಡಬಹುದು. ಬೆಳಗ್ಗೆ 9ರ ಮೇಲೆ ಮಾತ್ರ ಹೊರಡುವವರಿಗೆ ಅದರದೇ ಅಗ್ಗದ ರೂಪ ಇದೆ. ಸೋಮವಾರದಿಂದ ಶುಕ್ರವಾರದವರೆಗೆ 9ಕ್ಕೆ ಮುಂಚೆ ಅದು ನಡೆಯುವುದಿಲ್ಲ, ಅಷ್ಟೇ.

ಸ್ಟ್ರೈಫೆನ್‌ಕಾರ್ಟೆ ಮತ್ತು ನೀಲಿ ಡಬ್ಬಿ

ಸ್ಟ್ರೈಫೆನ್‌ಕಾರ್ಟೆ ಅಂದರೆ ಪಟ್ಟಿ ಟಿಕೆಟ್, ಈ ಊರಿನ ಹಳೆಯ ಟಿಕೆಟ್ ಇದು. ಉದ್ದನೆಯ ಕಾಗದದ ಮೇಲೆ 1ರಿಂದ 10ರವರೆಗೆ ಪಟ್ಟಿಗಳು. ಅಪರೂಪಕ್ಕೆ ಹೊರಗೆ ಹೋಗುವವರಿಗೆ ಬಿಡಿ ಟಿಕೆಟ್‌ಗಿಂತ ಇದೇ ಲಾಭ. ಎಂ ಜೋನ್ ಒಳಗಿನ ಒಂದು ಪ್ರಯಾಣಕ್ಕೆ ದೊಡ್ಡವರಿಗೆ ಎರಡು ಪಟ್ಟಿ. ಹತ್ತಿರದ ದಾರಿಗೆ ಒಂದೇ ಪಟ್ಟಿ ಸಾಕು. ಹತ್ತಿರದ್ದು ಅಂದರೆ ಹತ್ತಿದ ಮೇಲೆ ನಾಲ್ಕನೇ ನಿಲ್ದಾಣದವರೆಗೆ. ಅದರಲ್ಲೂ ಎಸ್-ಬಾನ್ ಅಥವಾ ಯು-ಬಾನ್ ಇದ್ದರೆ ಅವುಗಳ ನಿಲ್ದಾಣ ಎರಡನ್ನು ಮೀರಬಾರದು.

ಇದನ್ನು ಬಳಸುವ ಬಗೆಯನ್ನು ನಾನು ಅಮ್ಮನಿಗೆ ಕೈ ಹಿಡಿದು ಕಲಿಸಿದೆ. ಎರಡು ಪಟ್ಟಿ ಬೇಕು ಅಂದರೆ 1 ಮತ್ತು 2 ಎರಡಕ್ಕೂ ಮುದ್ರೆ ಒತ್ತುವುದಲ್ಲ. ಕಾಗದವನ್ನು 2ನೇ ಪಟ್ಟಿ ತುದಿಗೆ ಬರುವ ಹಾಗೆ ಮಡಿಚಬೇಕು. ಆ ತುದಿಯನ್ನು ಮುದ್ರೆ ಒತ್ತುವ ನೀಲಿ ಡಬ್ಬಿಯ ಸೀಳಿನೊಳಗೆ ತೂರಿಸಬೇಕು. ಟಕ್ ಎಂದು ಸದ್ದಾಗುತ್ತದೆ. ಹೊರಗೆಳೆದರೆ ತಾರೀಕು, ವೇಳೆ ಸಣ್ಣ ಅಕ್ಷರದಲ್ಲಿ ಬಿದ್ದಿರುತ್ತದೆ. ಮುಂದಿನ ಪ್ರಯಾಣಕ್ಕೆ 4ನೇ ಪಟ್ಟಿ, ಆಮೇಲೆ 6. ಅಮ್ಮ ಮೂರನೇ ದಿನದ ಹೊತ್ತಿಗೆ ಕನ್ನಡಕವನ್ನೂ ಹಾಕಿಕೊಳ್ಳದೆ, ಬಾಳೆಲೆ ಸುತ್ತುವ ಸಲೀಸಿನಲ್ಲಿ ಕಾಗದ ಮಡಿಚಿ ಮುದ್ರೆ ಒತ್ತುತ್ತಿದ್ದರು.

ಈ ಡಬ್ಬಿ ಎಲ್ಲಿರುತ್ತದೆ ಎಂಬುದೇ ಮುಖ್ಯ. ಎಸ್-ಬಾನ್ ಮತ್ತು ಯು-ಬಾನ್‌ಗೆ ಅದು ಪ್ಲಾಟ್‌ಫಾರ್ಮ್‌ಗೆ ಇಳಿಯುವ ದಾರಿಯಲ್ಲೇ ಇರುತ್ತದೆ. ರೈಲಿನೊಳಗೆ ಇರುವುದಿಲ್ಲ. ಟ್ರಾಮ್ ಮತ್ತು ಬಸ್ಸಿನಲ್ಲಿ ಒಳಗಿರುತ್ತದೆ, ಹತ್ತಿದ ತಕ್ಷಣ ಒತ್ತಬೇಕು. ಮಷಿನ್‌ನಿಂದ ತೆಗೆದ ಬೇರೆ ಟಿಕೆಟ್‌ಗೂ ಇದೇ ನಿಯಮ. ಟಿಕೆಟ್ ಮೇಲೆ "ಬಿಟ್ಟೆ ಎಂಟ್‌ವೆರ್ಟನ್", ಅಂದರೆ ದಯವಿಟ್ಟು ಮುದ್ರೆ ಒತ್ತಿ, ಎಂದಿದ್ದರೆ ಮುದ್ರೆ ಬೇಕೇ ಬೇಕು. ಮುದ್ರೆ ಇಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ.

ಮೈಸೂರಿನಿಂದ ಓದಲು ಬಂದ ಹುಡುಗನೊಬ್ಬ ನನಗೆ ಪರಿಚಯ. ಬಂದ ಎರಡನೇ ದಿನವೇ ದುಡ್ಡು ಕೊಟ್ಟು ಟಿಕೆಟ್ ತೆಗೆದಿದ್ದ, ಮುದ್ರೆ ಒತ್ತಿರಲಿಲ್ಲ. 60 ಯೂರೋ ದಂಡ ಕಟ್ಟಿದ. ಅವನು ಮೋಸ ಮಾಡಲು ಹೊರಟವನಲ್ಲ. ಆದರೆ ಆ ಟಿಕೆಟನ್ನು ನಾಳೆಯೂ ಬಳಸಬಹುದಿತ್ತು ಅಲ್ವಾ, ತಪಾಸಣೆಯವರು ನೋಡುವುದು ಅದನ್ನೇ. ಹೊಸಬ, ಭಾಷೆ ಬರಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ನಾನು ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಅವನ ಆ ದಿನದ ಮುಖವೇ ಕಾರಣ.

ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಇರಬಹುದು. ಪಕ್ಕದಲ್ಲಿ ಕೂತಿದ್ದವರೇ ಎದ್ದು "ಫಾರ್‌ಕಾರ್ಟೆನ್ ಬಿಟ್ಟೆ" ಅನ್ನಬಹುದು. ಟಿಕೆಟ್ ತೋರಿಸಿ, ಅಷ್ಟೇ. ಹೆಸರಿನ ಪಾಸ್ ಇದ್ದೂ ಆ ದಿನ ಮೊಬೈಲ್ ಚಾರ್ಜ್ ಮುಗಿದು ತೋರಿಸಲಾಗದಿದ್ದರೆ ಗಾಬರಿ ಬೇಡ. ಅವರು ಕೊಟ್ಟ ಚೀಟಿಯಲ್ಲಿ ಬರೆದ ಅವಧಿಯೊಳಗೆ ಪಾಸ್ ತೋರಿಸಿದರೆ ದಂಡ ತುಂಬ ಕಮ್ಮಿಯಾಗುತ್ತದೆ.

ಮೊಬೈಲ್‌ನಲ್ಲಿ ತೆಗೆಯುವವರಿಗೆ ಎಂವಿಜಿಒ, ಎಂವಿವಿ, ಡಿಬಿ ನ್ಯಾವಿಗೇಟರ್ ಆ್ಯಪ್‌ಗಳಿವೆ. ಅಲ್ಲೂ ಒಂದು ಸೂಕ್ಷ್ಮ ಇದೆ. ರೈಲು ಹತ್ತುವ ಮೊದಲೇ ಟಿಕೆಟ್ ತೆಗೆದಿರಬೇಕು. ಹತ್ತಿ ಕೂತು, ತಪಾಸಣೆಯವರನ್ನು ಕಂಡ ಮೇಲೆ ತೆಗೆದರೆ ವೇಳೆ ಅದರಲ್ಲೇ ಗೊತ್ತಾಗುತ್ತದೆ. ಬಿಡಿ ಟಿಕೆಟ್‌ನಲ್ಲಿ ಹೋದ ದಾರಿಯಲ್ಲೇ ವಾಪಸ್ ಬರುವಂತಿಲ್ಲ ಎಂಬುದನ್ನೂ ಮರೆಯಬೇಡಿ. ಅದು ಒಂದೇ ದಿಕ್ಕಿಗೆ.

ವಿಮಾನ ಇಳಿದ ಮೇಲೆ

2023ರ ನವೆಂಬರ್‌ನಿಂದ ಬೆಂಗಳೂರು–ಮ್ಯೂನಿಕ್ ನಡುವೆ ಲುಫ್ತಾನ್ಸಾ ನೇರ ವಿಮಾನ ಓಡಿಸುತ್ತಿದೆ. ಹೀಗಾಗಿ ಜರ್ಮನಿಯಲ್ಲಿ ನಮ್ಮವರು ಎಷ್ಟೋ ಜನ ಮೊದಲು ಹತ್ತುವ ರೈಲು ಇಲ್ಲಿನದೇ. ಸಾಮಾನು ತೆಗೆದುಕೊಂಡು ಹೊರಬಂದರೆ ಎಸ್ ಚಿಹ್ನೆ ಕಾಣುತ್ತದೆ. ಅದನ್ನೇ ಹಿಡಿದು ಕೆಳಗಿಳಿಯಿರಿ. ಟಿಕೆಟ್ ಮಷಿನ್‌ನಲ್ಲಿ ಭಾಷೆಯನ್ನು ಇಂಗ್ಲಿಷ್‌ಗೆ ಬದಲಿಸಿ, ಎಂ-5 ಆರಿಸಿ. ಆ ದಿನ ಮತ್ತೆ ಎಲ್ಲಾದರೂ ಹೋಗುವುದಿದ್ದರೆ ದಿನದ ಪಾಸ್ ಬೆಲೆಯನ್ನೂ ಒಮ್ಮೆ ನೋಡಿ.

ಅಲ್ಲಿಂದ ಹೊರಡುವುದು ಎರಡು ಲೈನ್, ಎಸ್1 ಮತ್ತು ಎಸ್8. ಎರಡೂ ಹೌಪ್ಟ್‌ಬಾನ್‌ಹೋಫ್‌ಗೆ, ಅಂದರೆ ಮುಖ್ಯ ರೈಲು ನಿಲ್ದಾಣಕ್ಕೆ ಹೋಗುತ್ತವೆ. ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಎಸ್8 ಪೂರ್ವದಿಂದ ಸುತ್ತಿ ಓಸ್ಟ್‌ಬಾನ್‌ಹೋಫ್, ಮರಿಯೆನ್‌ಪ್ಲಾಟ್ಸ್ ಮುಟ್ಟಿ ಬರುತ್ತದೆ. ಎಸ್1 ಪಶ್ಚಿಮದಿಂದ ಮೋಸಾಖ್, ಲಾಯಿಮ್ ದಾಟಿ ಬರುತ್ತದೆ. ನಿಮ್ಮ ಮನೆ ಯಾವ ಕಡೆಗಿದೆಯೋ ಅದರ ಮೇಲೆ ಆರಿಸಿ. ಎರಡೂ ಒಂದೇ ಅನ್ನಿಸಿದರೆ ಮೊದಲು ಬಂದದ್ದನ್ನು ಹತ್ತಿ.

ವಾಪಸ್ ವಿಮಾನ ಹಿಡಿಯಲು ಹೋಗುವಾಗ ಮಾತ್ರ ಎಸ್1 ಬಗ್ಗೆ ಎಚ್ಚರ. ಈ ರೈಲು ನೊಯ್‌ಫಾರ್ನ್ ಎಂಬಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಭಾಗ ವಿಮಾನ ನಿಲ್ದಾಣಕ್ಕೆ, ಇನ್ನೊಂದು ಫ್ರೈಸಿಂಗ್ ಊರಿಗೆ. ಬೋಗಿಯ ಹೊರಗೂ ಒಳಗೂ ಇರುವ ಬೋರ್ಡ್‌ನಲ್ಲಿ "ಫ್ಲುಗ್‌ಹಾಫೆನ್", ಅಂದರೆ ವಿಮಾನ ನಿಲ್ದಾಣ, ಎಂದಿದೆಯಾ ನೋಡಿಯೇ ಕೂರಿ. ಸೀಟು ಖಾಲಿ ಇದೆ ಎಂದು ಸುಮ್ನೆ ಯಾವುದೋ ಬೋಗಿ ಹತ್ತಬೇಡಿ. ಅಪ್ಪ ಅಮ್ಮನನ್ನು ಒಬ್ಬರೇ ಕಳಿಸುವುದಿದ್ದರೆ ಎಸ್8 ಹತ್ತಿಸಿ, ಅದು ಒಡೆಯುವುದಿಲ್ಲ. "ಬೆಸೂಖರ್‌ಪಾರ್ಕ್" ಎಂಬ ನಿಲ್ದಾಣದ ಹೆಸರಲ್ಲೂ ಫ್ಲುಗ್‌ಹಾಫೆನ್ ಎಂದು ಇರುತ್ತದೆ. ಅಲ್ಲಿ ಇಳಿಯಬೇಡಿ, ಅದರ ಮುಂದಿನದ್ದು ನಿಮ್ಮದು.

ಬೋರ್ಡ್ ಓದುವುದು, ದಿಕ್ಕು ಹಿಡಿಯುವುದು

ಇಲ್ಲಿ ರೈಲಿಗೆ ಪೂರ್ವ, ಪಶ್ಚಿಮ ಎಂಬ ಮಾತಿಲ್ಲ. ಕೊನೆಯ ನಿಲ್ದಾಣದ ಹೆಸರೇ ದಿಕ್ಕು. ನೀವು ಗಾರ್ಖಿಂಗ್‌ನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೊರಟಿದ್ದೀರಿ ಎನ್ನಿ. ಯು6 ಹತ್ತಬೇಕು, ಬೋರ್ಡ್‌ನಲ್ಲಿ "ಗಾರ್ಖಿಂಗ್-ಫೋರ್ಷುಂಗ್ಸ್‌ಸೆಂಟ್ರುಮ್" ಎಂದು ಇರಬೇಕು. "ಫ್ರೋಟ್ಮಾನಿಂಗ್" ಎಂದು ಬರೆದ ಯು6 ಕೂಡ ಅದೇ ದಿಕ್ಕಿಗೆ ಹೋಗುತ್ತದೆ, ಆದರೆ ಫುಟ್‌ಬಾಲ್ ಮೈದಾನದ ಹತ್ತಿರವೇ ನಿಂತುಬಿಡುತ್ತದೆ. ಹಾಗಾಗಿ ಲೈನ್ ನಂಬರ್ ಒಂದನ್ನೇ ನೋಡಿದರೆ ಸಾಲದು. ಮೊದಲು ನಂಬರ್, ಆಮೇಲೆ ಕೊನೆಯ ನಿಲ್ದಾಣ, ಆಮೇಲೆ ಎಷ್ಟು ನಿಮಿಷ. ಈ ಕ್ರಮ ರೂಢಿ ಮಾಡಿಕೊಳ್ಳಿ.

ಯು-ಬಾನ್ ಲೈನ್‌ಗಳು ಜೋಡಿ ಜೋಡಿ. ನಡುಊರಿನಲ್ಲಿ ಯು1 ಮತ್ತು ಯು2 ಒಂದೇ ಹಳಿ. ಯು3 ಮತ್ತು ಯು6 ಒಂದೇ ಹಳಿ. ಯು4 ಮತ್ತು ಯು5 ಒಂದೇ ಹಳಿ. ಜೆಂಡ್ಲಿಂಗರ್ ಟೋರ್‌ನಲ್ಲಿ ಮೊದಲೆರಡು ಜೋಡಿ ಸೇರುತ್ತವೆ. ಓಡಿಯೋನ್ಸ್‌ಪ್ಲಾಟ್ಸ್‌ನಲ್ಲಿ ಕೊನೆಯೆರಡು, ಹೌಪ್ಟ್‌ಬಾನ್‌ಹೋಫ್‌ನಲ್ಲಿ ಮೊದಲನೆಯದು ಮತ್ತು ಕೊನೆಯದು. ಈ ಮೂರು ಹೆಸರು ನೆನಪಿದ್ದರೆ ನಕ್ಷೆ ಇಲ್ಲದೆಯೂ ಓಡಾಡಬಹುದು.

ಎಸ್-ಬಾನ್ ಬೋರ್ಡ್‌ನಲ್ಲಿ "ಕುರ್ಟ್ಸ್‌ಟ್ಸುಗ್" ಎಂದಿದ್ದರೆ ರೈಲು ಚಿಕ್ಕದು, ಪ್ಲಾಟ್‌ಫಾರ್ಮ್‌ನ ತುದಿಯವರೆಗೆ ಬರುವುದಿಲ್ಲ. ತುದಿಯಲ್ಲಿ ನಿಂತಿದ್ದರೆ ಸೂಟ್‌ಕೇಸ್ ಎಳೆದುಕೊಂಡು ಓಡಬೇಕಾಗುತ್ತದೆ. ಹೌಪ್ಟ್‌ಬಾನ್‌ಹೋಫ್ ಮತ್ತು ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಎಸ್-ಬಾನ್‌ಗೆ ಎರಡೂ ಬದಿ ಬಾಗಿಲು ತೆರೆಯುತ್ತವೆ. ಒಂದು ಬದಿ ಇಳಿಯಲು, ಇನ್ನೊಂದು ಹತ್ತಲು. ಬಾಗಿಲು ತಾನಾಗಿ ತೆರೆಯದಿದ್ದರೆ ಅದರ ಮೇಲಿನ ಗುಂಡಿ ಒತ್ತಿ. ಬಸ್ಸು, ಟ್ರಾಮ್‌ನಲ್ಲಿ ಇಳಿಯುವ ಮುಂಚೆ ಕಂಬದ ಮೇಲಿನ ಸ್ಟಾಪ್ ಗುಂಡಿ ಒತ್ತುವುದನ್ನು ಮರೆಯಬೇಡಿ.

ಎಸ್-ಬಾನ್ ಕೈಕೊಟ್ಟ ದಿನ

ಬಹುತೇಕ ಎಸ್-ಬಾನ್ ಲೈನ್‌ಗಳು ನಗರದ ನಡುವೆ ಒಂದೇ ಸುರಂಗದೊಳಗೆ ಹಾದು ಹೋಗಬೇಕು. ಹೆಸರು ಸ್ಟಾಮ್‌ಸ್ಟ್ರೆಕೆ. ಹೌಪ್ಟ್‌ಬಾನ್‌ಹೋಫ್, ಕಾರ್ಲ್ಸ್‌ಪ್ಲಾಟ್ಸ್, ಮರಿಯೆನ್‌ಪ್ಲಾಟ್ಸ್, ಇಸಾರ್‌ಟೋರ್, ರೋಸೆನ್‌ಹೈಮರ್ ಪ್ಲಾಟ್ಸ್, ಓಸ್ಟ್‌ಬಾನ್‌ಹೋಫ್. ಹೋಗಲು ಒಂದು ಹಳಿ, ಬರಲು ಒಂದು ಹಳಿ. ಅಲ್ಲಿ ಒಂದು ರೈಲು ನಿಂತರೆ ಊರಿನ ಸುತ್ತಮುತ್ತಲ ರೈಲುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಅದಕ್ಕೇ 2017ರಿಂದ ಎರಡನೇ ಸುರಂಗದ ಕೆಲಸ ನಡೆಯುತ್ತಿದೆ. ಅದು ಮುಗಿಯುವವರೆಗೆ ನಾವೇ ಬದಲಿ ದಾರಿ ತಿಳಿದಿರಬೇಕು.

"ಸ್ಟೋರುಂಗ್" ಎಂದರೆ ತೊಂದರೆ, "ಫೆಲ್ಟ್ ಔಸ್" ಎಂದರೆ ಆ ರೈಲು ರದ್ದು, "ಫೆರ್‌ಸ್ಪೇಟುಂಗ್" ಎಂದರೆ ತಡ. ಬೋರ್ಡ್‌ನಲ್ಲಿ "ಶೀನೆನ್‌ಎರ್‌ಜಾಟ್ಸ್‌ಫೆರ್ಕೇರ್", ಅಂದರೆ ಎಸ್‌ಇವಿ ಎಂದು ಕಂಡರೆ ರೈಲಿನ ಬದಲು ಬಸ್ ಓಡುತ್ತಿದೆ ಎಂದರ್ಥ. ನಿಲ್ದಾಣದ ಹೊರಗೆ ಅದೇ ಅಕ್ಷರದ ಗುರುತು ಹುಡುಕಿ. ವಾರಾಂತ್ಯದಲ್ಲಿ ಹಳಿ ಕೆಲಸ ಜಾಸ್ತಿ. ಶನಿವಾರ ಹೊರಡುವುದಿದ್ದರೆ ಶುಕ್ರವಾರ ರಾತ್ರಿಯೇ ಆ್ಯಪ್ ನೋಡಿ.

ಸುರಂಗ ಮುಚ್ಚಿದ್ದರೆ ಓಸ್ಟ್‌ಬಾನ್‌ಹೋಫ್ ಮತ್ತು ಹೌಪ್ಟ್‌ಬಾನ್‌ಹೋಫ್ ನಡುವೆ ಯು5 ಇದೆ, ಆರಾಮಾಗಿ ಹೋಗಬಹುದು. ವಿಮಾನ ಹಿಡಿಯಬೇಕಾದ ದಿನವೇ ಹೀಗಾದರೆ? ಯು2 ಹತ್ತಿ ಫೆಲ್ಡ್‌ಮೋಖಿಂಗ್‌ಗೆ ಹೋಗಿ. ಎಸ್1 ಅಲ್ಲಿ ನಿಲ್ಲುತ್ತದೆ, ಸುರಂಗದ ಗೊಡವೆಯೇ ಇಲ್ಲ. ಯು3 ಹಿಡಿದು ಮೋಸಾಖ್‌ಗೆ ಹೋದರೂ ಅದೇ ಎಸ್1 ಸಿಗುತ್ತದೆ. ಬೋಗಿ ಮಾತ್ರ ಸರಿಯಾದದ್ದು ಹತ್ತಿ.

ಸಣ್ಣಪುಟ್ಟ ವಿಷಯಗಳು

ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲಿ, ಎಡಗಡೆ ನಡೆಯುವವರಿಗೆ ಬಿಡಿ. ಇಳಿಯುವವರು ಇಳಿದ ಮೇಲೆ ಹತ್ತಿ. "ತ್ಸುರುಕ್‌ಬ್ಲೈಬನ್ ಬಿಟ್ಟೆ" ಎಂದು ಕೂಗಿದರೆ ಬಾಗಿಲು ಮುಚ್ಚುತ್ತಿದೆ, ನುಗ್ಗಬೇಡಿ. ಮಗುವಿನ ತಳ್ಳುಗಾಡಿಗೆ ಟಿಕೆಟ್ ಬೇಡ. ಸೈಕಲ್‌ಗೆ ಬೇರೆ ಟಿಕೆಟ್ ಬೇಕು, ಡಾಯ್ಚ್‌ಲಾಂಡ್‌ಟಿಕೆಟ್‌ನಲ್ಲಿ ಅದು ಸೇರಿಲ್ಲ. ಕೆಲಸದ ದಿನ ಬೆಳಗ್ಗೆ 6ರಿಂದ 9, ಸಂಜೆ 4ರಿಂದ 6ರವರೆಗೆ ರೈಲಿನೊಳಗೆ ಸೈಕಲ್ ಒಯ್ಯುವಂತಿಲ್ಲ.

ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ಹೊರಡುವ ಮುನ್ನ ಲಿಫ್ಟ್ ಕೆಲಸ ಮಾಡುತ್ತಿದೆಯಾ ಎಂದು ನೋಡಿ. ಅವರಿಗೆ ಊರು ತೋರಿಸಲು ಟ್ರಾಮ್ ಒಳ್ಳೆಯದು. ನೆಲದ ಮೇಲೇ ಹೋಗುತ್ತದೆ, ಕಿಟಕಿಯಿಂದ ಎಲ್ಲ ಕಾಣುತ್ತದೆ. 17ನೇ ನಂಬರ್ ಟ್ರಾಮ್ ನಿಂಫೆನ್‌ಬುರ್ಗ್ ಅರಮನೆಯ ಹತ್ತಿರ ಇಳಿಸುತ್ತದೆ. ಯು1ರಲ್ಲಿ ಹೋಗುವಾಗ ವೆಸ್ಟ್‌ಫ್ರೀಡ್‌ಹೋಫ್‌ನಲ್ಲಿ ಒಮ್ಮೆ ಇಳಿಯಿರಿ. ದೊಡ್ಡ ಕೊಪ್ಪರಿಗೆ ಕವುಚಿಟ್ಟ ಹಾಗೆ 11 ದೀಪಗಳು ತೂಗುತ್ತವೆ. ಒಳಗೆ ಹಳದಿ, ಕೆಂಪು, ನೀಲಿ ಬೆಳಕು. ಅಮ್ಮ ಅಲ್ಲಿ ಎರಡು ರೈಲು ಬಿಟ್ಟು ಮೂರನೆಯದಕ್ಕೆ ಹತ್ತಿದರು.

ರಾತ್ರಿ ಯು-ಬಾನ್ ಸುಮಾರು 1 ಗಂಟೆಗೆ ನಿಲ್ಲುತ್ತದೆ, ವಾರಾಂತ್ಯದಲ್ಲಿ ಇನ್ನೊಂದು ಗಂಟೆ ಜಾಸ್ತಿ ಓಡುತ್ತದೆ. ಆಮೇಲೆ ಎನ್ ಅಕ್ಷರದಿಂದ ಶುರುವಾಗುವ ರಾತ್ರಿ ಟ್ರಾಮ್ ಮತ್ತು ಬಸ್ಸುಗಳಿವೆ. ರಾತ್ರಿ ಟ್ರಾಮ್‌ಗಳು ಬಂದು ಕೂಡುವ ಜಾಗ ಕಾರ್ಲ್ಸ್‌ಪ್ಲಾಟ್ಸ್. ಊರವರು ಅದನ್ನು "ಶ್ಟಾಖುಸ್" ಅನ್ನುತ್ತಾರೆ, ನಿಲ್ದಾಣದ ಬೋರ್ಡ್‌ನಲ್ಲೂ ಎರಡೂ ಹೆಸರಿರುತ್ತವೆ. ಕೊನೆಯ ರೈಲು ತಪ್ಪಿದರೆ ಅಲ್ಲಿಗೆ ನಡೆದು ಬನ್ನಿ. ನಿಮ್ಮ ಕಡೆಗೆ ಹೋಗುವ ಟ್ರಾಮ್ ಅಲ್ಲಿ ಸಿಗುತ್ತದೆ, ಹಗಲಲ್ಲಿ ತೆಗೆದ ದಿನದ ಪಾಸ್ ಬೆಳಗ್ಗೆ 6ರವರೆಗೆ ಅದಕ್ಕೂ ನಡೆಯುತ್ತದೆ.